ಕಂಪ್ಯೂಟರಿನಲ್ಲಿರುವ ನಮ್ಮ ಲೆಕ್ಕ: ಕಾಪಾಡುವುದು ಹೇಗೆ?



ಸ್ವಸಹಾಯ ಸಂಘದ ಪಂಚಸೂತ್ರಗಳನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲದಲ್ಲಿ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೀರಿ. ಈ ಸಲ ಐದನೆಯ ಸೂತ್ರದ ಬಗ್ಗೆ ಮಾತಾಡೋಣ. ಯಾಕೆಂದರೆ ಪುಸ್ತಕ ಈಗ ಬರೀ ಪುಸ್ತಕವಾಗಿ ಉಳಿದಿಲ್ಲ. ನಮ್ಮ ಉಳಿತಾಯ, ಸಾಲ, ಬಡ್ಡಿ, ಸದಸ್ಯರ ವಿವರ, ತರಬೇತಿಯ ಫೋಟೋ ಎಲ್ಲವೂ ಒಕ್ಕೂಟದ ಕಂಪ್ಯೂಟರಿನೊಳಗೆ ಹೋಗಿ ಕುಳಿತಿವೆ.

"ಕಂಪ್ಯೂಟರ್ ವಿಷಯ ನಮಗೇನು ಗೊತ್ತಾಗುತ್ತೆ ಸಿಸ್ಟರ್, ಅದನ್ನು ಆಫೀಸಿನ ಹುಡುಗಿ ನೋಡ್ಕೋತಾಳೆ" ಎಂದು ಈ ಹಾಳೆಯನ್ನು ಮಡಚಿ ಇಡಬೇಡಿ. ಒಳಗಿರುವ ಹಣದ ಲೆಕ್ಕ ನಿಮ್ಮದು. ಅದು ಕಳೆದುಹೋದರೆ ಕಷ್ಟಪಡುವವರೂ ನೀವೇ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಗುಡುಗಿನ ಸಂಜೆ

2014ರ ಏಪ್ರಿಲ್ ತಿಂಗಳು. ಯುಗಾದಿ ಕಳೆದು ಮೊದಲ ಮಳೆ. ನಾನು ಆಗ ನೋಡಿಕೊಳ್ಳುತ್ತಿದ್ದ ಒಂದು ಒಕ್ಕೂಟದ ಕಚೇರಿಯಲ್ಲಿ ಸಂಜೆ ಕೆಲಸ ಮುಗಿಸಿ ಕಂಪ್ಯೂಟರ್ ಆಫ್ ಮಾಡಿದ್ದರು, ಆದರೆ ಪ್ಲಗ್ ತೆಗೆದಿರಲಿಲ್ಲ. ರಾತ್ರಿ ಸಿಡಿಲು ಬಡಿಯಿತು. ಬೆಳಿಗ್ಗೆ ಲೆಕ್ಕ ಬರೆಯುವ ಹುಡುಗಿಯ ಫೋನ್: "ಸಿಸ್ಟರ್, ಕಂಪ್ಯೂಟರ್ ಆನೇ ಆಗ್ತಾ ಇಲ್ಲ. ಸುಟ್ಟ ವಾಸನೆ ಬರ್ತಾ ಇದೆ."

ರಿಪೇರಿಯವರು ಬಂದು ನೋಡಿದರು. ಒಳಗಿನ ಹಾರ್ಡ್ ಡಿಸ್ಕ್ ಹೋಗಿತ್ತು. "ಬ್ಯಾಕಪ್ ಇದೆ ಸಿಸ್ಟರ್, ಪ್ರತಿ ಶನಿವಾರ ಡಿ ಡ್ರೈವಿಗೆ ಕಾಪಿ ಮಾಡ್ತಿದ್ದೆ" ಎಂದಳು ಹುಡುಗಿ. ರಿಪೇರಿಯವರು ತಲೆ ಅಲ್ಲಾಡಿಸಿದರು. ಸಿ ಡ್ರೈವ್, ಡಿ ಡ್ರೈವ್ ಎಂದು ಪರದೆಯ ಮೇಲೆ ಎರಡು ಕಂಡರೂ ಆ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಡಿಸ್ಕ್. ಒಂದೇ ಕಪಾಟಿನ ಎರಡು ಅರೆಗಳಿದ್ದಂತೆ. ಕಪಾಟಿಗೆ ಬೆಂಕಿ ಬಿದ್ದರೆ ಮೇಲಿನ ಅರೆಯೂ ಸುಡುತ್ತದೆ, ಕೆಳಗಿನದೂ ಸುಡುತ್ತದೆ. ಮೇಜಿನ ಡ್ರಾಯರಿನಲ್ಲಿ ಒಂದು ಪೆನ್ ಡ್ರೈವ್ ಸಿಕ್ಕಿತು. ಅದರಲ್ಲಿದ್ದದ್ದು ಏಳು ತಿಂಗಳ ಹಿಂದಿನ ಲೆಕ್ಕ.

ಆ ಏಳು ತಿಂಗಳನ್ನು ಮತ್ತೆ ಕಟ್ಟಲು ನಮಗೆ ಎರಡು ತಿಂಗಳು ಹಿಡಿಯಿತು. ಸಂಘ ಸಂಘಕ್ಕೆ ಹೋಗಿ ಸದಸ್ಯರ ಪಾಸ್‌ಬುಕ್, ನಿರ್ಣಯ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಮುಂದಿಟ್ಟುಕೊಂಡು ಒಂದೊಂದೇ ಸಾಲು ಬರೆದೆವು. ಹೆಚ್ಚಿನವರದು ಸರಿಹೋಯಿತು. ಆದರೆ ಒಬ್ಬ ಸದಸ್ಯೆ, ಗಂಡನನ್ನು ಕಳೆದುಕೊಂಡವರು, "ಕಂಪ್ಯೂಟರಿನಲ್ಲಿ ಇದೆಯಲ್ಲ" ಎಂದು ತಮ್ಮ ಪಾಸ್‌ಬುಕ್‌ನಲ್ಲಿ ಬರೆಸಿಯೇ ಇರಲಿಲ್ಲ. ಹಸುವಿನ ಸಾಲದ ಕಂತು ಕಟ್ಟಿದ್ದೇನೆ ಎಂದು ಅವರು, ಕಟ್ಟಿದ್ದು ನೆನಪಿಲ್ಲ ಎಂದು ಕೆಲವರು. ಕೊನೆಗೆ ಸಂಘ ಅವರ ಮಾತನ್ನು ನಂಬಿತು. ಆದರೆ ಅಷ್ಟು ಹೊತ್ತಿಗೆ ಅವರು ಸಭೆಗೆ ಬರುವುದನ್ನೇ ಬಿಟ್ಟಿದ್ದರು. ಲೆಕ್ಕದ ಹುಡುಗಿಯ ಬೆನ್ನ ಹಿಂದೆಯೂ ಮಾತುಗಳು ಹುಟ್ಟಿಕೊಂಡವು. "ದುಡ್ಡು ತಿಂದು ಕಂಪ್ಯೂಟರ್ ಸುಟ್ಟಿತು ಅಂತಾಳೆ" ಎಂದವರೂ ಇದ್ದರು. ಅವಳು ಒಂದು ರೂಪಾಯಿ ಮುಟ್ಟಿರಲಿಲ್ಲ.

ತಪ್ಪು ನನ್ನದೂ ಹೌದು. ತಿಂಗಳು ತಿಂಗಳೂ ಹೋಗಿ ಲೆಕ್ಕ ಸರಿಯಾಗಿದೆಯೇ ಎಂದು ನೋಡುತ್ತಿದ್ದೆ. ಆ ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಸಿಡಿಲು ಯಾರ ಕೈಯಲ್ಲೂ ಇಲ್ಲ. ಆದರೆ ಪ್ರತಿ ಇಡುವುದು ನಮ್ಮ ಕೈಯಲ್ಲಿತ್ತು.

ಬ್ಯಾಕಪ್ ಎಂದರೇನು?

ನಮ್ಮಲ್ಲಿ ಯಾರ ಮನೆಯಲ್ಲಾದರೂ ಹೆಪ್ಪು ಮುಗಿದರೆ ಏನು ಮಾಡುತ್ತೇವೆ? ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತೇವೆ. ನಮ್ಮ ಹೆಪ್ಪು ಅವರ ಮನೆಯಲ್ಲೂ ಇರುತ್ತದೆ, ಅವರದ್ದು ನಮ್ಮಲ್ಲೂ ಇರುತ್ತದೆ. ಬಿತ್ತನೆ ಬೀಜವನ್ನೂ ತಿಳಿದವರು ಒಂದೇ ಮಡಕೆಯಲ್ಲಿ ಇಡುವುದಿಲ್ಲ. ಒಂದಕ್ಕೆ ಹುಳ ಬಿದ್ದರೆ ಇನ್ನೊಂದು ಇರಲಿ ಎಂದು. ಬ್ಯಾಕಪ್ ಅಂದರೆ ಇಷ್ಟೇ. ಕಂಪ್ಯೂಟರಿನಲ್ಲಿರುವ ಮಾಹಿತಿಯ ಇನ್ನೊಂದು ಪ್ರತಿಯನ್ನು ಬೇರೆ ವಸ್ತುವಿನಲ್ಲಿ, ಬೇರೆ ಜಾಗದಲ್ಲಿ ಇಡುವುದು.

ಧರ್ಮಸಭೆಯಲ್ಲೂ ಇದು ಹಳೆಯ ಕ್ರಮ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1283ನೇ ನಿಯಮದ ಪ್ರಕಾರ ಧರ್ಮಸಭೆಯ ಆಸ್ತಿಪಾಸ್ತಿಯ ಪಟ್ಟಿಯ ಒಂದು ಪ್ರತಿ ಆಯಾ ಆಡಳಿತ ಕಚೇರಿಯಲ್ಲೂ ಇನ್ನೊಂದು ಪ್ರತಿ ಧರ್ಮಾಧ್ಯಕ್ಷರ ಕಚೇರಿಯಲ್ಲೂ ಇರಬೇಕು. ಒಂದು ಕಡೆ ಕಳೆದರೂ ಇನ್ನೊಂದು ಕಡೆ ಉಳಿಯುತ್ತದೆ.

ಮಾಹಿತಿ ಹೇಗೆ ಕಳೆದುಹೋಗುತ್ತದೆ?

ಸಿಡಿಲು ಒಂದು ಕಾರಣ ಮಾತ್ರ. ಬೇರೆಯವೂ ಇವೆ.

ಒಂದು, ಡಿಸ್ಕ್ ಸವೆಯುವುದು. ಹಳೆಯ ಮಾದರಿಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ಮುಳ್ಳು ತಟ್ಟೆಗೆ ತಾಗದೆ, ಕೂದಲಿಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಬಿದ್ದರೆ, ಅಲುಗಾಡಿದರೆ, ವಯಸ್ಸಾದರೆ ಕೆಡುತ್ತದೆ. ಹೊಸ ಕಂಪ್ಯೂಟರುಗಳಲ್ಲಿರುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗ ಇಲ್ಲ. ಆದರೂ ಅದೂ ಕೆಡುತ್ತದೆ, ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ.

ಎರಡು, ನಮ್ಮದೇ ಕೈತಪ್ಪು. ಬೇಡದ್ದನ್ನು ಅಳಿಸಲು ಹೋಗಿ ಬೇಕಾದ್ದನ್ನು ಅಳಿಸುತ್ತೇವೆ. ಹೊಸ ಲೆಕ್ಕದ ಮೇಲೆ ಹಳೆಯದನ್ನು ಸೇವ್ ಮಾಡಿಬಿಡುತ್ತೇವೆ.

ಮೂರು, ಕಳ್ಳತನ ಮತ್ತು ನೀರು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ಮನೆಗಳ ಜೊತೆ ಕಾಗದಪತ್ರಗಳೂ ಹೋದವು. ಕಂಪ್ಯೂಟರ್ ಮತ್ತು ಅದರ ಪ್ರತಿ ಎರಡೂ ಒಂದೇ ಕೋಣೆಯಲ್ಲಿದ್ದರೆ ನೀರು ಎರಡನ್ನೂ ಬಿಡುವುದಿಲ್ಲ.

ನಾಲ್ಕು, ವೈರಸ್. ರಾನ್ಸಮ್‌ವೇರ್ ಎಂಬ ಒಂದು ಜಾತಿ ಇದೆ. ಅದು ನಮ್ಮ ಫೈಲುಗಳಿಗೆ ಬೀಗ ಹಾಕಿ, ಬೀಗ ತೆಗೆಯಲು ಹಣ ಕೇಳುತ್ತದೆ. 2017ರ ಮೇ 12ರಂದು ಹರಡಲು ಶುರುವಾದ ವಾನಾಕ್ರೈ ಎಂಬುದು ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ತಗುಲಿತು. ಭಾರತವೂ ಅದರಲ್ಲಿತ್ತು. ಹಣ ಕೊಟ್ಟರೂ ಫೈಲ್ ವಾಪಸ್ ಸಿಗುತ್ತದೆಂಬ ಖಾತರಿ ಇಲ್ಲ. ಬೇರೆ ಕಡೆ ಪ್ರತಿ ಇಟ್ಟವರಿಗೆ ಹೆದರಿಕೆ ಕಡಿಮೆ. ಸುರಕ್ಷತಾ ಅಪ್‌ಡೇಟ್ ಬಾರದ ಹಳೆಯ ಕಂಪ್ಯೂಟರಿಗೆ ಈ ಅಪಾಯ ಹೆಚ್ಚು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಕಚೇರಿಯಲ್ಲಿ ಯಾವುದಿದೆ ಎಂದು ಕೇಳಿ ತಿಳಿದುಕೊಳ್ಳಿ.

ಮೂರು, ಎರಡು, ಒಂದು

ಇದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ಸುಲಭ ಸೂತ್ರ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ತಮ್ಮ ಪುಸ್ತಕದ ಮೂಲಕ ಇದನ್ನು ಜನಪ್ರಿಯ ಮಾಡಿದರು. ಫೋಟೋ ಕಳೆದುಕೊಳ್ಳದಿರಲು ಹೇಳಿದ ಮಾತು ನಮ್ಮ ಲೆಕ್ಕಕ್ಕೂ ಒಪ್ಪುತ್ತದೆ.

• ಮಾಹಿತಿ ಒಟ್ಟು 3 ಪ್ರತಿ ಇರಲಿ. ಕಂಪ್ಯೂಟರಿನಲ್ಲಿ ಇರುವುದು ಒಂದು, ಹೊರಗೆ ಎರಡು.
• ಅವು 2 ಬಗೆಯ ಸಾಧನದಲ್ಲಿರಲಿ. ಉದಾಹರಣೆಗೆ ಒಂದು ಕಂಪ್ಯೂಟರಿನ ಡಿಸ್ಕ್‌ನಲ್ಲಿ, ಇನ್ನೊಂದು ಇಂಟರ್ನೆಟ್‌ನಲ್ಲಿ.
• ಕನಿಷ್ಠ 1 ಪ್ರತಿ ಬೇರೆ ಕಟ್ಟಡದಲ್ಲಿ, ಆದರೆ ಬೇರೆ ಊರಿನಲ್ಲಿ ಇರಲಿ.

ಎಲ್ಲಿ ಇಡಬೇಕು?

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್: ಒಕ್ಕೂಟಕ್ಕೆ ಇದು ಒಳ್ಳೆಯದು. ಸಾಧ್ಯವಾದರೆ ಎರಡು ತೆಗೆದುಕೊಳ್ಳಿ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು ದಾರ ಕಟ್ಟಿ. ಈ ವಾರ ಕೆಂಪು, ಮುಂದಿನ ವಾರ ಹಸಿರು. ಪ್ರತಿ ಮಾಡಿದ ಕೂಡಲೇ ಕಂಪ್ಯೂಟರಿನಿಂದ ತೆಗೆದಿಡಿ. ಸಿಕ್ಕಿಸಿಯೇ ಬಿಟ್ಟರೆ ಸಿಡಿಲೂ ವೈರಸ್ಸೂ ಅದಕ್ಕೂ ತಲುಪುತ್ತವೆ.

ಪೆನ್ ಡ್ರೈವ್: ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ಅನುಕೂಲ. ವರ್ಷಗಟ್ಟಲೆ ಕಾಪಾಡಲು ಅದೊಂದನ್ನೇ ನಂಬಬೇಡಿ. ಚಿಕ್ಕದು, ಕಳೆಯುತ್ತದೆ. ಸೀರೆಯ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೋಗಿ ಒಗೆದವರೂ ಇದ್ದಾರೆ.

ಸಿಡಿ: ಹಳೆಯ ವರದಿ, ಫೋಟೋಗಳು ಸಿಡಿಯಲ್ಲಿದ್ದರೆ ಈಗಲೇ ಡಿಸ್ಕಿಗೆ ಹಾಕಿಸಿ. ತೇವದಲ್ಲಿ ಸಿಡಿ ಕೆಡಬಹುದು. ಹೊಸ ಕಂಪ್ಯೂಟರುಗಳಲ್ಲಿ ಹೆಚ್ಚಿನವಕ್ಕೆ ಸಿಡಿ ಹಾಕುವ ಜಾಗವೇ ಇಲ್ಲ.

ಇಂಟರ್ನೆಟ್: ಗೂಗಲ್ ಡ್ರೈವ್‌ನಂಥ ಸೌಲಭ್ಯದಲ್ಲಿ ಇಟ್ಟರೆ ನಮ್ಮೂರಿಗೆ ನೆರೆ ಬಂದರೂ ಪ್ರತಿ ಬೇರೆ ಕಡೆ ಇರುತ್ತದೆ. ಗೂಗಲ್ ಖಾತೆಯಲ್ಲಿ ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ 15 ಜಿಬಿ ಉಚಿತ. ಲೆಕ್ಕದ ಫೈಲುಗಳಿಗೆ ಇದು ಧಾರಾಳ ಸಾಕು, ಫೋಟೋ ವಿಡಿಯೋ ತುಂಬಿದರೆ ಸಾಲದು. ಎರಡು ವರ್ಷ ಬಳಸದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬುದೂ ನೆನಪಿರಲಿ.

ಇಲ್ಲಿ ಒಂದು ಮುಖ್ಯ ಮಾತು. ಖಾತೆ ಒಕ್ಕೂಟದ ಹೆಸರಿನಲ್ಲಿರಲಿ, ಲೆಕ್ಕ ಬರೆಯುವವರ ಸ್ವಂತ ಖಾತೆ ಬೇಡ. ಅವಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಪಾಸ್‌ವರ್ಡೂ ಅವಳ ಜೊತೆ ಹೋಗುತ್ತದೆ. ಆಮೇಲೆ ಗಂಡನ ಮನೆಗೆ ಫೋನ್ ಮಾಡಿ ಓಟಿಪಿ ಕೇಳುವ ಪರಿಸ್ಥಿತಿ ಯಾರಿಗೂ ಬೇಡ.

ಯಾವಾಗ ಮಾಡಬೇಕು?

ನನ್ನನ್ನು ಕೇಳುವವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: "ಎಷ್ಟು ದಿನದ ಲೆಕ್ಕವನ್ನು ಮತ್ತೆ ಬರೆಯಲು ನಿಮಗೆ ತಾಕತ್ತಿದೆ?" ಒಂದು ವಾರದ್ದು ಬರೆಯಬಹುದು ಅಂದರೆ ವಾರಕ್ಕೊಮ್ಮೆ ಮಾಡಿ. ಏಳು ತಿಂಗಳದ್ದು ಬರೆಯುವುದು ಎಂಥ ಕೆಲಸ ಅಂತ ಮೇಲೆ ಹೇಳಿದ್ದೇನೆ.

ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಹಾಕಬೇಡಿ. ಕಳೆದ ತಿಂಗಳು ಆದ ತಪ್ಪು ಈ ತಿಂಗಳು ಗೊತ್ತಾದರೆ ಹಿಂದಿನ ಪ್ರತಿ ಬೇಕಾಗುತ್ತದೆ. ಕೊನೆಯ ನಾಲ್ಕು ವಾರದ್ದು, ಪ್ರತಿ ತಿಂಗಳ ಕೊನೆಯದ್ದು, ಪ್ರತಿ ವರ್ಷದ ಮಾರ್ಚ್ 31ರದ್ದು ಹೀಗೆ ಉಳಿಸಿಕೊಳ್ಳಿ. ಮಾರ್ಚ್ 31 ನಮಗೆ ವರ್ಷದ ಲೆಕ್ಕ ಮುಗಿಸುವ ದಿನ. 2011ರಿಂದ ಅದೇ ದಿನವನ್ನು ವಿಶ್ವ ಬ್ಯಾಕಪ್ ದಿನ ಎಂದೂ ಆಚರಿಸುತ್ತಾರೆ. ನೆನಪಿಡಲು ಸುಲಭವಾಯಿತು.

ಹೇಗೆ ಮಾಡಬೇಕು?

ಲೆಕ್ಕ ಬರೆಯುವವರು ಈ ಕ್ರಮವನ್ನು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಲಿ.

1. ಲೆಕ್ಕದ ಪ್ರೋಗ್ರಾಂನಲ್ಲೇ ಬ್ಯಾಕಪ್ ಸೌಲಭ್ಯ ಇದ್ದರೆ ಮೊದಲು ಅದನ್ನು ಮಾಡಿ. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಡೇಟಾ ಪಟ್ಟಿ ಬರುತ್ತದೆ, ಅದರಲ್ಲಿ ಬ್ಯಾಕಪ್ ಇದೆ.
2. ತೆರೆದಿರುವ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ. ತೆರೆದ ಫೈಲು ಸರಿಯಾಗಿ ಕಾಪಿ ಆಗದೇ ಇರಬಹುದು.
3. ಈ ವಾರದ ಡಿಸ್ಕ್ ಸಿಕ್ಕಿಸಿ, ದಿನಾಂಕದ ಹೆಸರಿನ ಹೊಸ ಫೋಲ್ಡರ್ ಮಾಡಿ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಫೋಲ್ಡರುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.
4. ಲೆಕ್ಕದ ಬ್ಯಾಕಪ್, ಪತ್ರಗಳು, ಸದಸ್ಯರ ಪಟ್ಟಿ, ಫೋಟೋಗಳನ್ನು ಅದರೊಳಗೆ ಕಾಪಿ ಮಾಡಿ.
5. ಎರಡೂ ಕಡೆಯ ಫೋಲ್ಡರಿನ ಗಾತ್ರ, ಫೈಲುಗಳ ಸಂಖ್ಯೆ ಒಂದೇ ಇದೆಯೇ ನೋಡಿ.
6. ಡಿಸ್ಕಿನಲ್ಲಿರುವ ಒಂದೆರಡು ಫೈಲನ್ನು ತೆರೆದು ನೋಡಿ.
7. ಇಜೆಕ್ಟ್ ಕೊಟ್ಟ ಮೇಲೆಯೇ ಡಿಸ್ಕನ್ನು ಎಳೆಯಿರಿ.
8. ಅದೇ ಫೋಲ್ಡರನ್ನು ಒಕ್ಕೂಟದ ಗೂಗಲ್ ಡ್ರೈವ್‌ಗೂ ಏರಿಸಿ.
9. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಯಾವ ಡಿಸ್ಕ್, ಯಾರು ಮಾಡಿದರು, ಡಿಸ್ಕ್ ಈಗ ಯಾರ ಮನೆಯಲ್ಲಿದೆ ಎಂದು ಬರೆದು ಸಹಿ ಮಾಡಿ.

ಅಭ್ಯಾಸವಾದ ಮೇಲೆ ಇದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇಂಟರ್ನೆಟ್ ನಿಧಾನ ಇರುವ ಕಡೆ ಎಂಟನೆಯದನ್ನು ಪೇಟೆಗೆ ಹೋದಾಗ ಮಾಡಿದರೂ ಆದೀತು.

ತೆಗೆದು ನೋಡದ ಪ್ರತಿ ಪ್ರತಿಯೇ ಅಲ್ಲ

ಬೀಜ ಇಟ್ಟಿದ್ದೇನೆ ಎಂದು ಮಳೆಗಾಲದವರೆಗೂ ಮಡಕೆಯ ಮುಚ್ಚಳ ತೆಗೆಯದೇ ಇರುತ್ತೀರಾ? ಬಿತ್ತುವ ಮೊದಲು ನಾಲ್ಕು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರುತ್ತದೆಯೇ ನೋಡುತ್ತೀರಲ್ಲ. ಬ್ಯಾಕಪ್‌ಗೂ ಅದೇ ಪರೀಕ್ಷೆ ಬೇಕು. ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ, ಉದಾಹರಣೆಗೆ ಪಕ್ಕದ ಒಕ್ಕೂಟದ ಕಚೇರಿಯಲ್ಲಿ, ನಿಮ್ಮ ಪ್ರತಿಯಿಂದ ಲೆಕ್ಕ ತೆರೆಯಿರಿ. ಒಂದು ಸಂಘದ ಒಬ್ಬ ಸದಸ್ಯೆಯ ಉಳಿತಾಯ, ಸಾಲ ಎರಡನ್ನೂ ಅವರ ಪಾಸ್‌ಬುಕ್ ಜೊತೆ ಹೋಲಿಸಿ. ನೋಡಿದ ಮೇಲೆ ಆ ಕಂಪ್ಯೂಟರಿನಿಂದ ಅಳಿಸುವುದನ್ನು ಮರೆಯಬೇಡಿ.

ಇನ್ನೊಂದು ತಪ್ಪು ತಿಳುವಳಿಕೆ. "ನಮ್ಮ ಫೋಲ್ಡರ್ ಇಂಟರ್ನೆಟ್ ಜೊತೆ ತಾನಾಗಿಯೇ ಹೊಂದಿಕೊಳ್ಳುತ್ತೆ, ಬೇರೆ ಪ್ರತಿ ಯಾಕೆ?" ಎನ್ನುತ್ತಾರೆ. ಇದು ಕನ್ನಡಿ ಇದ್ದಂತೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಸಿಹೋಗುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಅದು 30 ದಿನ ಇರುತ್ತದೆ, ಆಮೇಲೆ ಇಲ್ಲ. ಹಾಗಾಗಿ ಡಿಸ್ಕಿನ ಪ್ರತಿ ಬೇಕೇ ಬೇಕು.

ಪ್ರತಿಗೂ ಬೀಗ ಬೇಕು

ಸಂಘದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಕೈಯಲ್ಲಿ. ಇದು ನಾವು ಮೊದಲ ದಿನದಿಂದ ಪಾಲಿಸಿದ ಪದ್ಧತಿ. ಡಿಸ್ಕಿಗೂ ಇದೇ ನಿಯಮ ಇರಲಿ. ಅದರಲ್ಲಿ ನಿಮ್ಮ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರ್ ಎಲ್ಲ ಇವೆ. ಯಾರ ಸಾಲ ಎಷ್ಟು ಎಂಬುದೂ ಇದೆ. ಅದು ಊರಿನವರ ಬಾಯಿಗೆ ಹೋಗಬಾರದು. ಡಿಸ್ಕಿಗೆ ಪಾಸ್‌ವರ್ಡ್ ಹಾಕಿಸಿ. ಡಿಸ್ಕ್ ಒಬ್ಬ ಪದಾಧಿಕಾರಿಯ ಮನೆಯ ಕಪಾಟಿನಲ್ಲಿರಲಿ. ಪಾಸ್‌ವರ್ಡ್ ಬರೆದ ಚೀಟಿ ಮುಚ್ಚಿದ ಲಕೋಟೆಯಲ್ಲಿ, ಮೇಲೆ ಇಬ್ಬರ ಸಹಿಯೊಂದಿಗೆ, ಇನ್ನೊಬ್ಬರ ಬಳಿ ಇರಲಿ. ಪದಾಧಿಕಾರಿಗಳು ಬದಲಾದಾಗ ಪಾಸ್‌ವರ್ಡ್ ಕೂಡ ಬದಲಾಗಲಿ.

ಕಾಗದವನ್ನು ಬಿಡಬೇಡಿ

ಆ ವರ್ಷ ನಮ್ಮನ್ನು ಉಳಿಸಿದ್ದು ನಿಮ್ಮ ಸಣ್ಣ ಪಾಸ್‌ಬುಕ್‌ಗಳು. ಕಂಪ್ಯೂಟರ್ ಬಂತು ಎಂದು ಪಾಸ್‌ಬುಕ್ ಬರೆಸುವುದನ್ನು ನಿಲ್ಲಿಸಬೇಡಿ. ಕಟ್ಟಿದ ದಿನವೇ ಬರೆಸಿ, ಸಹಿ ಹಾಕಿಸಿ. ಓದಲು ಬಾರದವರು ಮಗಳ ಕೈಯಲ್ಲಿ ಓದಿಸಿ. ತಿಂಗಳ ಕೊನೆಗೆ ಸಂಘದ ಬಾಕಿ ಪಟ್ಟಿಯನ್ನು ಪ್ರಿಂಟ್ ತೆಗೆಸಿ ಸಭೆಯಲ್ಲಿ ಓದಿ, ಫೈಲಿಗೆ ಹಾಕಿ.

ಮನೆಯಲ್ಲಿ ಮಕ್ಕಳ ಕಂಪ್ಯೂಟರ್ ಇರುವವರೂ ಇದನ್ನೇ ಮಾಡಬಹುದು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಜಮೀನಿನ ಪಹಣಿ, ಮದುವೆಯ ಫೋಟೋ, ತೀರಿಹೋದ ಹಿರಿಯರ ಫೋಟೋ. ಮಾರ್ಕ್ಸ್ ಕಾರ್ಡನ್ನು ಅರ್ಜಿ ಹಾಕಿ ಮತ್ತೆ ಪಡೆಯಬಹುದು. ಅಮ್ಮನ ಒಂದೇ ಒಂದು ಫೋಟೋ ಹೋದರೆ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ಮುಂದಿನ ಸಭೆಯಲ್ಲಿ ಕೇಳಿ

ಈ ಐದು ಪ್ರಶ್ನೆಗಳನ್ನು ನಿಮ್ಮ ಪ್ರತಿನಿಧಿ ಒಕ್ಕೂಟದ ಸಭೆಯಲ್ಲಿ ಕೇಳಲಿ. ಕೇಳುವುದು ಅನುಮಾನ ಪಡುವುದಲ್ಲ. ಲೆಕ್ಕ ಬರೆಯುವವರ ಮರ್ಯಾದೆಯನ್ನೂ ಇದು ಕಾಪಾಡುತ್ತದೆ.

• ನಮ್ಮ ಲೆಕ್ಕದ ಪ್ರತಿ ಎಷ್ಟಿವೆ, ಎಲ್ಲೆಲ್ಲಿವೆ?
• ಕೊನೆಯ ಪ್ರತಿ ಯಾವ ದಿನದ್ದು?
• ಕಚೇರಿಯ ಹೊರಗೆ ಇರುವ ಪ್ರತಿ ಯಾರ ಬಳಿ ಇದೆ?
• ಅದನ್ನು ತೆರೆದು ನೋಡಿದ್ದು ಯಾವಾಗ?
• ಇವತ್ತು ಲೆಕ್ಕ ಬರೆಯುವವರು ರಜೆ ಹಾಕಿದರೆ ಬೇರೆ ಯಾರಿಗೆ ಇದು ಗೊತ್ತು?

ಉತ್ತರ ಸರಿ ಬಾರದಿದ್ದರೆ ಜಗಳ ಬೇಡ, ನಿರ್ಣಯ ಬರೆಯಿರಿ. ಡಿಸ್ಕ್ ಖರೀದಿಗೆ ಹಣ, ಜವಾಬ್ದಾರಿ ಇಬ್ಬರಿಗೆ, ವಾರದ ದಿನ ಯಾವುದು, ಎಲ್ಲವೂ ನಿರ್ಣಯ ಪುಸ್ತಕದಲ್ಲಿ ಬರಲಿ. ಗುಡುಗು ಶುರುವಾದ ಕೂಡಲೇ ಕಂಪ್ಯೂಟರಿನ ಪ್ಲಗ್, ಇಂಟರ್ನೆಟ್ ತಂತಿ ಎರಡನ್ನೂ ತೆಗೆಯಬೇಕು ಎಂಬುದನ್ನೂ ಸೇರಿಸಿ. ಯುಪಿಎಸ್ ಇದೆಯಲ್ಲ ಎಂದು ಸುಮ್ಮನಿರಬೇಡಿ, ಸಿಡಿಲನ್ನು ಅದು ತಡೆಯಲಾರದು.

ಯೇಸುಸ್ವಾಮಿ ಹೇಳಿದ ಹತ್ತು ಕನ್ಯೆಯರ ಸಾಮತಿ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಹತ್ತು ಮಂದಿಯ ಕೈಯಲ್ಲೂ ದೀಪ ಇತ್ತು. ಬೇರೆ ಪಾತ್ರೆಯಲ್ಲಿ ಎಣ್ಣೆ ತಂದಿದ್ದವರು ಐವರು ಮಾತ್ರ. ನಡುರಾತ್ರಿ ಕೂಗು ಕೇಳಿದಾಗ ಎಣ್ಣೆ ತರಲು ಅಂಗಡಿಗೆ ಓಡಿದವರು ಹಿಂದಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

2014ರಲ್ಲಿ ಸಭೆಗೆ ಬರುವುದನ್ನು ಬಿಟ್ಟ ಆ ತಾಯಿಯ ಮನೆಗೆ ನಾನು ಆಮೇಲೆ ಮೂರು ಸಲ ಹೋದೆ. ಮೂರನೆಯ ಸಲ ಚಹಾ ಕೊಟ್ಟು ಹೇಳಿದರು: "ದುಡ್ಡು ಹೋಗಲಿಲ್ಲ ಸಿಸ್ಟರ್. ಆದ್ರೆ ನಾನು ಸುಳ್ಳು ಹೇಳ್ತೀನಿ ಅಂತ ನೋಡಿದ್ರಲ್ಲ, ಅದು ಹೋಗೋದಿಲ್ಲ." ನಿಮ್ಮ ಸಂಘದಲ್ಲಿ ಯಾರಿಗೂ ಇಂಥ ಮಾತು ಆಡುವ ದಿನ ಬಾರದಿರಲಿ. ಈ ವಾರವೇ ಒಂದು ಪ್ರತಿ ಮಾಡಿಸಿ.

ದೇವರು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಆಶೀರ್ವದಿಸಲಿ.